ಗೋರಿ ಕೊರೆದವರ ಹಸಿವು

ಪ್ರಾಚೀನ ಈಜಿಪ್ಟಿನ ಗೋರಿಗಳನ್ನು ಕಟ್ಟಿದವರು ಯಾರೆಂದು ಮಕ್ಕಳನ್ನು ಕೇಳಿ ನೋಡಿ. ‘ಫೇರೋ ದೊರೆಗಳು’ ಎಂದು ಥಟ್ಟನೆ ಹೇಳಿಯಾರು. ಕಲ್ಲು ಕಡಿದವರು ಏನು ಉಂಡರೆಂದು ಕೇಳಿದರೆ ಉಪಾಧ್ಯಾಯರೂ ಸುಮ್ಮನಾಗುತ್ತಾರೆ. ಇದನ್ನು ಚರಿತ್ರೆಯ ಪಾಠವೆನ್ನಲು ನಾನು ಒಪ್ಪಲಾರೆ. ಇದು ದೊರೆಗಳ ಹೆಸರಿನ ಬಾಯಿಪಾಠ.

‘ಬಡವರ ಚರಿತ್ರೆಗೆ ಆಧಾರವೆಲ್ಲಿದೆ, ಸ್ವಾಮಿ?’ ಎನ್ನುವವರುಂಟು. ಇಟಲಿಯ ಟ್ಯೂರಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಮೂರನೆಯ ರಾಮೆಸೆಸ್ ದೊರೆಯ ಆಳ್ವಿಕೆಯ 29ನೆಯ ವರ್ಷ, ಎಂದರೆ ಸುಮಾರು ಕ್ರಿ.ಪೂ. 1157ರಲ್ಲಿ, ರಾಜರ ಗೋರಿಗಳನ್ನು ಕೊರೆಯುತ್ತಿದ್ದ ದೇರ್ ಎಲ್-ಮದೀನಾ ಊರಿನ ಕೆಲಸಗಾರರಿಗೆ ಕೂಲಿಯ ಧಾನ್ಯ ಬರಲಿಲ್ಲ. ಅವರು ಕೆಲಸ ಬಿಟ್ಟು ದೇವಾಲಯದ ಹಿಂದೆ ಹೋಗಿ ಕುಳಿತರು. ಹಸಿವು ಬಾಯಾರಿಕೆಗಳೇ ತಮ್ಮನ್ನು ಅಲ್ಲಿಗೆ ತಂದವೆಂದರು. ಬಟ್ಟೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ಇದನ್ನು ದೊರೆಗೆ ತಿಳಿಸಿರೆಂದರು. ಇದೆಲ್ಲ ಪಪೈರಸ್ಸಿನ ಮೇಲೆ ದಾಖಲಾಗಿದೆ. ಬಾಕಿ ಧಾನ್ಯವನ್ನು ಅಧಿಕಾರಿಗಳು ಕೊಡಲೇಬೇಕಾಯಿತು.

ಆ ದೊರೆಯ ಗೋರಿಯನ್ನು ಹಿಂದೆಯೇ ಕಳ್ಳರು ದೋಚಿದರು. ಕೂಲಿಯವರ ದೂರು ಮಾತ್ರ ಉಳಿಯಿತು. ದೊರೆಗಳ ಹೆಸರನ್ನು ಮಕ್ಕಳು ಕಲಿಯಲಿ, ಬೇಡವೆನ್ನೆ. ಆದರೆ ಹಸಿದವರು ಅಂದೂ ಬಾಯಿಬಿಟ್ಟು ಕೇಳಿದ್ದರೆಂಬುದನ್ನು ಅರಿಯದ ಮಕ್ಕಳು, ಇಂದು ಯಾರಾದರೂ ಕೂಲಿ ಕೇಳಿ ಕುಳಿತರೆ ಅದನ್ನು ಹೊಸ ಕಾಲದ ಕೇಡೆಂದೇ ತಿಳಿದಾರು.