ಪಕ್ಕಪಕ್ಕದ ಅಂಕಿಗೆ ಇಂಡೆಕ್ಸ್ ಏಕೆ?

ಮಳೆಗಾಲ ಬಂತೆಂದರೆ ಮಂಡ್ಯ, ಮೈಸೂರು ಸೀಮೆಯವರ ಕಣ್ಣು ಕೆಆರ್‌ಎಸ್ ನೀರಿನ ಮಟ್ಟದ ಮೇಲೆ. ಅಣೆಕಟ್ಟೆ ಭರ್ತಿಯಾದರೆ 124.80 ಅಡಿ. ಆದರೆ ಇವತ್ತಿನ ಅಂಕಿಯೊಂದೇ ಸಾಲದು. ನಿನ್ನೆಯದನ್ನು ಪಕ್ಕದಲ್ಲಿಟ್ಟರೆ ತಾನೇ ನೀರು ಏರಿತೋ ಇಳಿಯಿತೋ ಗೊತ್ತಾಗುವುದು? ಪೈಥಾನ್‌ನಲ್ಲಿ ಲೂಪ್ ಕಲಿಸುವಾಗ ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಲೆಕ್ಕವೂ ಇದೇ. ಸೋಮವಾರದಿಂದ ಭಾನುವಾರದವರೆಗಿನ ಮಟ್ಟಗಳ ಪಟ್ಟಿ ಇದೆ, ದಿನದಿಂದ ದಿನಕ್ಕೆ ಆದ ವ್ಯತ್ಯಾಸ ಹೇಳಿ.

ಹೆಚ್ಚಿನವರು ರೇಂಜ್, ಲೆನ್ ಹಾಕಿ ಐ ಮತ್ತು ಐ+1 ಎಂದು ಎಣಿಸುತ್ತ ಹೋಗುತ್ತಾರೆ. ಸಿ ಭಾಷೆ ಮೊದಲು ಕಲಿತವರ ರೂಢಿ ಅದು. ಉದ್ದದಿಂದ ಒಂದನ್ನು ಕಳೆಯಲು ಮರೆತರೆ ಕೊನೆಯ ಸುತ್ತಿನಲ್ಲಿ ಇಂಡೆಕ್ಸ್ ಎರರ್. ಅದಾದರೂ ಕಣ್ಣಿಗೆ ಬೀಳುತ್ತದೆ. ಐ-1 ಎಂದು ಬರೆದು ಸೊನ್ನೆಯಿಂದ ಶುರು ಮಾಡಿದರೆ ಕಷ್ಟ ದೊಡ್ಡದು. ಪೈಥಾನ್‌ಗೆ -1 ಎಂದರೆ ಪಟ್ಟಿಯ ಕೊನೆಯ ಅಂಶ. ಸೋಮವಾರದ ಮಟ್ಟದಿಂದ ಇನ್ನೂ ಬಾರದ ಭಾನುವಾರದ ಮಟ್ಟವನ್ನು ಕಳೆದು, ಯಾವ ದೂರೂ ಹೇಳದೆ ತಪ್ಪು ಉತ್ತರ ಕೊಟ್ಟುಬಿಡುತ್ತದೆ.

ಇದೆಲ್ಲದರ ಬದಲು ಒಂದು ಸಾಲು ಸಾಕು:

ಫಾರ್ ನಿನ್ನೆ, ಇಂದು ಇನ್ ಝಿಪ್(ಮಟ್ಟ, ಮಟ್ಟ[1:]):

ಅದೇ ಪಟ್ಟಿ, ಎರಡನೆಯ ಸಲ ಒಂದು ಸ್ಥಾನ ಮುಂದಿನಿಂದ. ಎರಡರಲ್ಲಿ ಚಿಕ್ಕದು ಮುಗಿದಲ್ಲಿ ಝಿಪ್ ನಿಲ್ಲುತ್ತದೆ. ಏಳು ದಿನಕ್ಕೆ ಆರು ಜೋಡಿ. ಪಟ್ಟಿ ಖಾಲಿಯಿದ್ದರೂ ಪ್ರೋಗ್ರಾಂ ಕೆಡದು. ಫಾರ್, ಇನ್, ಝಿಪ್ ಇಂಗ್ಲಿಷಿನಲ್ಲೇ ಇರಬೇಕು ನಿಜ, ಆದರೆ ನಿನ್ನೆ, ಇಂದು, ಮಟ್ಟ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದರೂ ಪೈಥಾನ್ 3 ಒಪ್ಪುತ್ತದೆ. ಆಗ ಹಿಂದಿನ ಬೆಂಚಿನ ಹುಡುಗಿಗೂ ಆ ಸಾಲು ಏನು ಮಾಡುತ್ತಿದೆ ಎಂದು ಓದಿದೊಡನೆ ತಿಳಿಯುತ್ತದೆ. ನನಗೆ ಬೇಕಾದದ್ದು ಅದೇ.

2021ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.10 ಆವೃತ್ತಿಯಿಂದ ಅದರ ಮಾಡ್ಯೂಲ್ ಆದ ಇಟರ್‌ಟೂಲ್ಸ್‌ನಲ್ಲಿ ಪೇರ್‌ವೈಸ್ ಇದೇ ಕೆಲಸಕ್ಕೆಂದು ಸಿದ್ಧವಾಗಿಯೇ ಇದೆ. ಫೈಲಿನಿಂದ ಸಾಲುಸಾಲಾಗಿ ಬರುವ ಅಂಕಿಗಳನ್ನು ಝಿಪ್‌ನಲ್ಲಿ ಮಾಡಿದಂತೆ [1:] ಹಾಕಿ ಕತ್ತರಿಸಲಾಗದು. ಪೇರ್‌ವೈಸ್ ಅವನ್ನೂ ಜೋಡಿಸುತ್ತದೆ.

ಹೀಗಿದ್ದೂ ಪ್ರಾಯೋಗಿಕ ಪರೀಕ್ಷೆಯೊಂದರಲ್ಲಿ ಝಿಪ್ ಬಳಸಿದ ವಿದ್ಯಾರ್ಥಿನಿಗೆ, ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಇರುವಂತೆ ಇಂಡೆಕ್ಸ್ ಹಾಕಿ ಬರೆದಿಲ್ಲವೆಂದು ಅಂಕ ಕಳೆದರು. ಉತ್ತರ ಸರಿಯಿತ್ತು. ಅದು ಅನ್ಯಾಯ. ಇಂಡೆಕ್ಸ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಷ್ಟನೆಯ ದಿನ ಎಂಬುದು ಬೇಕಾದಾಗ ಅದು ಇರಲಿ. ಬರೀ ಅಕ್ಕಪಕ್ಕದ ಅಂಕಿಗಳನ್ನು ಹೋಲಿಸುವ ಕೆಲಸಕ್ಕೆ ಅದರ ಅಗತ್ಯವಿಲ್ಲ. ಲ್ಯಾಬ್ ಮ್ಯಾನ್ಯುಯಲ್ ಬರೆಯುವ ಮೇಷ್ಟರುಗಳೇ, ಮುಂದಿನ ಮುದ್ರಣದಲ್ಲಿ ದಯವಿಟ್ಟು ಝಿಪ್, ಪೇರ್‌ವೈಸ್ ಎರಡನ್ನೂ ಸೇರಿಸಿ.