ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ

ರೋಗಕ್ಕೆ ಬಡವ ಬಲ್ಲಿದರೆಂಬ ಭೇದವಿಲ್ಲ ಎಂಬ ಮಾತು ರೂಢಿಯಲ್ಲಿದೆ. ರೋಗ ಬರುವುದರಲ್ಲಿ ಅದು ಅಷ್ಟಿಷ್ಟು ನಿಜವಿರಬಹುದು, ಗುಣವಾಗುವುದರಲ್ಲಿ ನಿಜವಲ್ಲ.

ನಮ್ಮ ಹಳದೀಪುರದ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ಅಡಿಕೆ ತೋಟದ ಒಡೆಯರು. ಮತ್ತೊಬ್ಬರು ಅದೇ ತೋಟದಲ್ಲಿ ಕೂಲಿಗೆ ದುಡಿಯುವವರು. ಇಬ್ಬರಿಗೂ ಮಣಿಪಾಲದಲ್ಲಿ ಒಂದೇ ಬಗೆಯ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಬಿಡುಗಡೆಯ ಚೀಟಿಯೂ ಒಂದೇ: ಭಾರ ಎತ್ತಬಾರದು, ಮಾತ್ರೆ ತಪ್ಪಿಸಬಾರದು, ಹೇಳಿದ ದಿನ ಮರಳಿ ಬರಬೇಕು. ಒಡೆಯರಿಗೆ ಇದು ವಿಶ್ರಾಂತಿ. ಕೂಲಿಯವರಿಗೆ ಒಲೆ ಉರಿಯದ ದಿನಗಳು. ನೂರು ಕಿಲೋಮೀಟರಿಗೂ ದೂರದ ಊರಿಗೆ ಮರಳಿ ತೋರಿಸಲು ಹೋಗುವುದೆಂದರೆ ಬಸ್ಸಿನ ಖರ್ಚು, ಜೊತೆಯಲ್ಲಿ ಬಂದವರ ಒಂದು ದಿನದ ಕೂಲಿ. ಆದ್ದರಿಂದ ಹೋಗುವುದು ಮುಂದಕ್ಕೆ ಬೀಳುತ್ತದೆ. ಗಾಯ ಮಾಗುವ ಮೊದಲೇ ಕೈ ಕತ್ತಿ ಹಿಡಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ದೂರವೇ ಒಂದು ವ್ಯಾಧಿ. ಕಾರವಾರದಲ್ಲಿ 2013ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದರೂ ದೊಡ್ಡ ಚಿಕಿತ್ಸೆಗೆ ಹೊರಜಿಲ್ಲೆಯ ದಾರಿ ಹಿಡಿಯುವುದು ತಪ್ಪಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಅಸುನೀಗಿದ್ದನ್ನು ಮರೆಯಲಾದೀತೆ?

ಹಣದ ಅಡ್ಡಿ ಸರಿದರೆ ಜೀವ ಉಳಿಯುತ್ತದೆಯೆ? ಉಳಿಯುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷ್ಯವಿದೆ. ಬಡ ಕುಟುಂಬಗಳಿಗೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆಯನ್ನು ಉಚಿತವಾಗಿ ನೀಡಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಜಾರಿಗೆ ಬಂದಿತು. ಯೋಜನೆಯ ಗಡಿಯ ಎರಡೂ ಬದಿಯ 572 ಗ್ರಾಮಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಯೋಜನೆಯೊಳಗಿನ ರೋಗಗಳಿಂದ ಬಡವರಲ್ಲಿ ಸಂಭವಿಸಿದ ಸಾವು, ಸೌಲಭ್ಯವಿದ್ದ ಕಡೆ ಶೇಕಡಾ 0.32, ಇಲ್ಲದ ಕಡೆ ಶೇಕಡಾ 0.90. ಉಳ್ಳವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಫಲಿತಾಂಶವಿದು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು. ಸ್ತುತ್ಯರ್ಹವೇ. ಆದರೆ ಕಳೆದುಹೋದ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡದು.

ಆ ಕೆಲಸ ನೆರೆಹೊರೆಯದು. ಓದುಗ ಬಂಧುಗಳೆ, ನಿಮ್ಮ ಮನೆ ತೋಟಗಳಲ್ಲಿ ದುಡಿಯುವವರು ಆಸ್ಪತ್ರೆಯಿಂದ ಮರಳಿದಾಗ ಹಣ್ಣು ಕೊಟ್ಟು ಕುಶಲ ಕೇಳಿದರಷ್ಟೇ ಸಾಲದು. ವೈದ್ಯರು ಹೇಳಿದ ವಿಶ್ರಾಂತಿಯ ದಿನಗಳ ಕೂಲಿ ಕೊಡಿ. ಮರಳಿ ತೋರಿಸಬೇಕಾದ ದಿನಾಂಕವನ್ನು ನಿಮ್ಮ ಮನೆಯ ಪಂಚಾಂಗದಲ್ಲೂ ಗುರುತಿಸಿ, ಆ ದಿನ ನಿಮ್ಮ ವಾಹನವನ್ನು ಅವರ ಮನೆಯ ಮುಂದೆ ನಿಲ್ಲಿಸಿ. ಅದು ಉಪಕಾರವಲ್ಲ, ಅವರ ದುಡಿಮೆಯ ಋಣ.