ಹೊಲ ತುಂಬಿದೆ, ಉಣ್ಣುವುದೇನು?

ಶ್ರಾವಣವೆಂದರೆ ನಮ್ಮ ಪಾಲಿಗೆ ತಿರುಗಾಟದ ಮಾಸ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಊರುಗಳಲ್ಲಿ ಶರಣರ ಪುರಾಣ ಹೇಳುತ್ತ ನಾವು ಹಲವು ಶ್ರಾವಣಗಳನ್ನು ಕಳೆದಿದ್ದೇವೆ. ಪುರಾಣ ಮಂಗಲದ ದಿನ ಊರವರೆಲ್ಲ ತಮ್ಮ ಮನೆಯ ದವಸವನ್ನು ಮಠದ ಅಂಗಳಕ್ಕೆ ತಂದು ಸುರಿಯುವುದು, ಅದರಿಂದಲೇ ದಾಸೋಹ ನಡೆಯುವುದು ಈ ಸೀಮೆಯ ಹಳೆಯ ಪದ್ಧತಿ. 2025ರ ಶ್ರಾವಣದಲ್ಲಿ ಸವಣೂರು ತಾಲೂಕಿನ ಒಂದು ಊರಿನಲ್ಲಿ ಸದ್ಭಕ್ತರೊಬ್ಬರು ಪೇಟೆಯ ಅಂಗಡಿಯ ಮುದ್ರೆಯಿದ್ದ ಅಕ್ಕಿಯ ಚೀಲವನ್ನು ಹೊತ್ತು ತಂದರು. ಅವರು ಎಂಟು ಎಕರೆ ಎರೆಭೂಮಿಯ ಒಡೆಯರು. “ನಿಮ್ಮ ಹೊಲದ ದವಸ ಎಲ್ಲಿ?” ಎಂದು ನಾವು ಸಹಜವಾಗಿಯೇ ಕೇಳಿದೆವು. ಅವರು ಚೀಲ ಇಳಿಸಿ, ಬೆವರೊರೆಸಿಕೊಂಡು ಹೇಳಿದರು: “ಶಾಸ್ತ್ರಿಗಳ, ಹೊಲ ತುಂಬೇತ್ರಿ. ಆದ್ರ ಅದರಾಗ ನಾವು ಉಣ್ಣುವಂಥಾದ್ದು ಒಂದೂ ಇಲ್ರಿ.”

ಆ ದಿನ ನಾವು ಪುರಾಣದಲ್ಲಿ ಏನು ಹೇಳಿದೆವೋ ನಮಗೇ ನೆನಪಿಲ್ಲ. ಅವರ ಮಾತು ಮಾತ್ರ ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಸುಗ್ಗಿಯಾದೊಡನೆ ಬಂಡಿಗಳ ಸಾಲು ಮಠಕ್ಕೆ ಬರುತ್ತಿತ್ತು. ಕಣದಲ್ಲಿ ರಾಶಿಪೂಜೆಯಾದ ಮೇಲೆ ಮೊದಲ ಪಾಲು ಮಠಕ್ಕೆ, ಆಯಗಾರರಿಗೆ, ಬಡವರಿಗೆ, ಉಳಿದುದು ಮನೆಗೆ. ಬಿಳಿಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ಮುಂದಿನ ವರ್ಷ ಮಳೆ ಹೋದರೂ ಊರು ಉಪವಾಸ ಬೀಳುತ್ತಿರಲಿಲ್ಲ. ಹಾನಗಲ್ಲಿನ ಕೆರೆಗಳ ಕೆಳಗಿನ ಭತ್ತ, ಸವಣೂರು-ಶಿಗ್ಗಾಂವಿ ಕಡೆಯ ಜೋಳ, ಕಡಲೆ, ಕುಸುಬಿ, ಅಲ್ಲಲ್ಲಿ ಸಾವೆ, ನವಣೆ, ಸಾಲಿನ ನಡುವೆ ಅಕ್ಕಡಿಯಾಗಿ ತೊಗರಿ, ಹೆಸರು; ಒಂದು ಮನೆಯ ಊಟಕ್ಕೆ ಬೇಕಾದುದೆಲ್ಲ ಒಂದು ಹೊಲದಲ್ಲಿಯೇ ಇರುತ್ತಿತ್ತು. ಇಂದು ಈ ನಾಲ್ಕೂ ತಾಲೂಕುಗಳ ರಸ್ತೆಯಲ್ಲಿ ಹೋದರೆ ಎಡಬಲಗಳಲ್ಲಿ ಕಾಣುವುದು ಬಹುಪಾಲು ಗೋವಿನಜೋಳ ಮತ್ತು ಹತ್ತಿ. ಗೋವಿನಜೋಳದ ಹೆಚ್ಚಿನ ಪಾಲು ಕೋಳಿಯ ಆಹಾರಕ್ಕೆ, ಗಂಜಿಪುಡಿಯ ಕಾರ್ಖಾನೆಗೆ, ಈಚೆಗೆ ಎಥನಾಲ್ ಇಂಧನಕ್ಕೆ ಹೋಗುತ್ತದೆ. ಶೀಗಿಹುಣ್ಣಿಮೆಯ ದಿನ ಚರಗ ಚೆಲ್ಲಲು ಬೇಕಾದ ರೊಟ್ಟಿಯ ಹಿಟ್ಟನ್ನೂ ಕೊಂಡು ತರುವ ಮನೆಗಳನ್ನು ನಾವು ನೋಡಿದ್ದೇವೆ. ಭೂಮಿತಾಯಿಗೆ ಉಣಿಸುವ ತುತ್ತು ಆ ಭೂಮಿಯದಲ್ಲ!

ಇದಕ್ಕೆ ರೈತನನ್ನು ದೂರುವುದು ಅನ್ಯಾಯ. ಜೋಳ ಬಿತ್ತಿದವನು ಹಕ್ಕಿ ಕಾಯಬೇಕು, ಕಿತ್ತು, ತೆನೆ ಮುರಿದು, ರಾಶಿ ಮಾಡಬೇಕು. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಹೆಚ್ಚು. ಗೋವಿನಜೋಳಕ್ಕೆ ಇಷ್ಟು ತೊಡಕಿಲ್ಲ. ವ್ಯಾಪಾರಿ ಕಣಕ್ಕೇ ಬರುತ್ತಾನೆ. ಯಾವುದನ್ನು ಕೊಳ್ಳುವವರಿದ್ದಾರೋ ಅದನ್ನು ರೈತನು ಬೆಳೆಯುತ್ತಾನೆ. ಹಾಗಾದರೆ ರಾಷ್ಟ್ರದ ಅತಿ ದೊಡ್ಡ ಕೊಳ್ಳುಗನಾದ ಸರಕಾರವು ಏನನ್ನು ಕೊಂಡಿತು ಎಂಬ ಪ್ರಶ್ನೆ ಬರುತ್ತದೆ.

ನಮ್ಮ ದೇಶದ ಆಹಾರ ನೀತಿಯು ಹಸಿವಿನ ಭಯದಲ್ಲಿ ಹುಟ್ಟಿದ್ದು. ಅಮೇರಿಕದ ಗೋಧಿಯ ಹಡಗನ್ನು ಕಾಯುತ್ತ ಕುಳಿತ ದಿನಗಳಲ್ಲಿ, 1965ರಲ್ಲಿ, ಭಾರತೀಯ ಆಹಾರ ನಿಗಮವೂ ಕೃಷಿ ಬೆಲೆ ಆಯೋಗವೂ ಸ್ಥಾಪನೆಯಾದವು. ಬೆಂಬಲ ಬೆಲೆಯನ್ನು ಘೋಷಿಸುವುದು, ಧಾನ್ಯವನ್ನು ಕೊಂಡು ಉಗ್ರಾಣ ತುಂಬುವುದು, ನ್ಯಾಯಬೆಲೆ ಅಂಗಡಿಯ ಮೂಲಕ ಬಡವನ ಮನೆ ಮುಟ್ಟಿಸುವುದು ಇದರ ಕ್ರಮ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಇದನ್ನು ಹಕ್ಕಾಗಿ ಮಾಡಿತು: ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ. ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ ಬಂದಿತು. 2023ರ ಜನವರಿಯಿಂದ ಕೇಂದ್ರದ ಧಾನ್ಯವೂ ಉಚಿತವಾಗಿದೆ. 2020ರ ಮಹಾಮಾರಿಯ ಕಾಲದಲ್ಲಿ ಈ ಅಕ್ಕಿ ಇಲ್ಲದಿದ್ದರೆ ಎಷ್ಟು ಮನೆಗಳ ಒಲೆ ಆರುತ್ತಿದ್ದವೆಂಬುದನ್ನು ಬಲ್ಲವರು ಈ ನೀತಿಯನ್ನು ಹಗುರವಾಗಿ ನಿಂದಿಸಲಾರರು. ನಾವೂ ನಿಂದಿಸುವುದಿಲ್ಲ.

ಆದರೆ ಈ ಆರು ದಶಕಗಳಲ್ಲಿ ಸರಕಾರವು ಕೊಂಡುದು ಮುಖ್ಯವಾಗಿ ಅಕ್ಕಿ ಮತ್ತು ಗೋಧಿ. 2013ರ ಕಾಯಿದೆಯಲ್ಲಿ ಅಕ್ಕಿಗೆ ಕಿಲೋಗೆ 3 ರೂಪಾಯಿ, ಗೋಧಿಗೆ 2 ರೂಪಾಯಿ, ಜೋಳ-ರಾಗಿಗಳಿಗೆ 1 ರೂಪಾಯಿ ಎಂದು ದರ ನಿಗದಿಯಾಗಿತ್ತು. ನಮ್ಮ ಧಾನ್ಯಕ್ಕೂ ಕಾಯಿದೆಯಲ್ಲಿ ಸ್ಥಾನವಿತ್ತು, ಆದರೆ ಉಗ್ರಾಣದಲ್ಲಿ ಅಷ್ಟು ಸ್ಥಾನ ದೊರೆಯಲಿಲ್ಲ. ಉತ್ತರ ಕರ್ನಾಟಕದ ಪಡಿತರದಲ್ಲಿ ಕೆಲವು ತಿಂಗಳು ಜೋಳ ಬಂದದ್ದುಂಟು. ಕೊಂಡ ದಾಸ್ತಾನು ಮುಗಿದೊಡನೆ ಮತ್ತೆ ಅಕ್ಕಿಯೇ. ಹೊಟ್ಟೆ ತುಂಬಿತು, ದೇಹ ಬಲಿಯಿತೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನೂರಕ್ಕೆ 65ಕ್ಕಿಂತ ಹೆಚ್ಚು ಶಿಶುಗಳಲ್ಲಿಯೂ, ಸುಮಾರು 48 ಹೆಣ್ಣುಮಕ್ಕಳಲ್ಲಿಯೂ ರಕ್ತಹೀನತೆಯಿದೆ. ಇದಕ್ಕೆ ಕಾರಣ ಅಕ್ಕಿಯೊಂದೇ ಅಲ್ಲ. ಬೇಳೆ, ಸೊಪ್ಪು, ಹಾಲು, ಹಣ್ಣುಗಳ ಅಭಾವವೂ ಕಾರಣ, ಬಡತನವೂ ಕಾರಣ. ಆದರೆ ತಟ್ಟೆಯ ಮೇಲಿನ ಬಗೆಗಳು ಕಡಿಮೆಯಾಗುತ್ತ ಬಂದುದು ಒಂದು ಮುಖ್ಯ ಕಾರಣವೆಂಬುದು ನಿರ್ವಿವಾದ.

ಈ ಮಾತನ್ನು ಮೊದಲು ಹೇಳಿದವರು ಇಂದಿನ ವೈದ್ಯರಲ್ಲ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯನ್ನು ರಚಿಸಿದರು. ಭತ್ತಕ್ಕೂ ನರೆದಲಗವೆಂಬ ರಾಗಿಗೂ ತಾವು ಹಿರಿಯರೆಂದು ವಾದ ಹತ್ತುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಕಳೆದು ತೆಗೆದು ನೋಡಿದರೆ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿ ಉಳಿದಿತ್ತು. ರಾಮನು ತನ್ನ ರಾಘವನೆಂಬ ಹೆಸರನ್ನೇ ಅದಕ್ಕೆ ಕೊಟ್ಟನು. ಇದು ಧಾನ್ಯಗಳ ಕಥೆ ಮಾತ್ರವಲ್ಲ, ಉಣ್ಣುವವರ ಮೇಲುಕೀಳಿನ ಕಥೆಯೂ ಹೌದು. ನಮ್ಮ ಕಾಗದಪತ್ರಗಳಲ್ಲಿ ಜೋಳ, ರಾಗಿಗಳು ಬಹುಕಾಲ ‘ಒರಟು ಧಾನ್ಯ’ಗಳಾಗಿಯೇ ಇದ್ದವು. 2018ರಲ್ಲಿ ಕೇಂದ್ರ ಸರಕಾರ ಅವನ್ನು ‘ಪೌಷ್ಟಿಕ ಧಾನ್ಯ’ವೆಂದು ಕರೆಯಿತು, ಭಾರತದ ಕೋರಿಕೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಶ್ರೀಮಂತರ ಪೇಟೆಯಲ್ಲಿ ಸಾವೆ, ನವಣೆಗೆ ಬೆಲೆ ಬಂದಿತು. ಆದರೆ ಹೆಸರು ಬದಲಾದ ಮಾತ್ರಕ್ಕೆ ಸೆರೆ ಬಿಡುಗಡೆಯಾಗದು. ಬಡವನ ಪಡಿತರ ಚೀಲಕ್ಕೆ ಅದು ಬರಬೇಕು.

ರೈತನ ಸಂಕಟವನ್ನು ನೋಡೋಣ. 2025-26ನೆಯ ಸಾಲಿಗೆ ಕೇಂದ್ರವು ಗೋವಿನಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ನವೆಂಬರದಲ್ಲಿ ಮಾಲು ಪೇಟೆಗೆ ಬಂದಾಗ ಧಾರಣೆ ಎರಡು ಸಾವಿರಕ್ಕಿಂತ ಕೆಳಗಿಳಿಯಿತು. ಹಾವೇರಿ, ಗದಗ, ಧಾರವಾಡ ಸೀಮೆಯ ರೈತರು ಖರೀದಿ ಕೇಂದ್ರ ತೆರೆಯಿರೆಂದು ಬೀದಿಗಿಳಿಯಬೇಕಾಯಿತು. ಘೋಷಿಸಿದ ಬೆಲೆಗೆ ಕೊಳ್ಳುವವರಿಲ್ಲದಿದ್ದರೆ ಅದು ಗೋಡೆಗೆ ಬರೆದ ದೀಪ, ಬೆಳಕು ಕೊಡದು. ಇದೇ ಜಿಲ್ಲೆಯ ಕೇಂದ್ರವಾದ ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿ ಇಬ್ಬರು ಪ್ರಾಣತೆತ್ತರೆಂಬುದನ್ನು ನಾವಾರೂ ಮರೆಯಲಾಗದು. ಬೀಜ, ಗೊಬ್ಬರ, ಬೆಲೆ ಮೂರಕ್ಕೂ ಪರರ ಮುಖ ನೋಡಬೇಕಾದ ರೈತನು ಊಟಕ್ಕೂ ಪರರ ಮುಖ ನೋಡುವಂತಾದರೆ ಅನ್ನದಾತನೆಂಬ ಬಿರುದು ವ್ಯಂಗ್ಯವಾಗುತ್ತದೆ. ಅದೇ ಸಾಲಿನಲ್ಲಿ ಜೋಳಕ್ಕೆ ಘೋಷಿತವಾದ ಬೆಲೆ 3,699 ರೂಪಾಯಿ, ರಾಗಿಗೆ 4,886 ರೂಪಾಯಿ. ಈ ಬೆಲೆಗೆ ಸುಗ್ಗಿಯಲ್ಲಿಯೇ, ತಾಲೂಕಿನಲ್ಲಿಯೇ, ತಪ್ಪದೆ ಕೊಳ್ಳುವರೆಂಬ ಭರವಸೆಯಿದ್ದರೆ ನಮ್ಮ ರೈತನು ಒಂದೆರಡು ಎಕರೆಯನ್ನಾದರೂ ಜೋಳಕ್ಕೆ ಮರಳಿ ಕೊಟ್ಟಾನು.

ಮೂರನೆಯದು ಆಹಾರದ ಶುದ್ಧಿ. ಕಲಬೆರಕೆ ತಡೆಯಲು 1954ರಲ್ಲಿಯೇ ಕಾನೂನಿತ್ತು. ಈಗ ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಿದೆ. 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರಕಾರವು ಬೊಂಬಾಯಿ ಮಿಠಾಯಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ರೋಡಮೈನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತ್ತು. ನಮ್ಮ ನೆರೆಯ ಬ್ಯಾಡಗಿಯ ಮೆಣಸಿನಕಾಯಿ ತನ್ನ ಸಹಜವಾದ ಕೆಂಪಿಗಾಗಿಯೇ ಲೋಕಪ್ರಸಿದ್ಧ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಿದೆ. ಅದರಿಂದ ತೆಗೆದ ಬಣ್ಣ ಪರದೇಶಗಳ ತಿನಿಸುಗಳಿಗೆ ಹೋಗುತ್ತದೆ. ಅಂಥ ಜಿಲ್ಲೆಯ ಮಕ್ಕಳು ಬಟ್ಟೆಯ ಬಣ್ಣ ತಿನ್ನುವುದೆಂದರೇನು?

ಇಲ್ಲಿ ನಾವು ಪರರನ್ನು ದೂರಿ ಪಾರಾಗುವಂತಿಲ್ಲ. ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರ ದಾಸೋಹದ ಮೇಲ್ವಿಚಾರಣೆ ನಮ್ಮ ಪಾಲಿಗೆ ಬಂದಿತ್ತು. ಶಿರಾ ಚೆನ್ನಾಗಿ ಕಾಣಲೆಂದು ಅಡಿಗೆಯವರು ಪೊಟ್ಟಣದ ಬಣ್ಣ ಸುರಿದಾಗ ನಾವು ಎದುರಿಗೇ ನಿಂತಿದ್ದೆವು, ಸುಮ್ಮನಿದ್ದೆವು. ಪ್ರಸಾದನಿಲಯದ ಬಾಲಕನೊಬ್ಬನು “ಗುರುಗಳ, ಇದೂ ಪ್ರಸಾದೇನ್ರಿ?” ಎಂದು ಆ ಪೊಟ್ಟಣ ತೋರಿಸಿ ಕೇಳಿದನು. ನಾವು ಗದರಿಸಿ ಕಳುಹಿಸಿದೆವು. ಗದರಿಸಿದ್ದು ತಪ್ಪು; ಅವನ ಪ್ರಶ್ನೆ ಸರಿ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಕ್ಕೆ ಅರ್ಪಿಸಬೇಕಾದುದು ಸತ್ಯಶುದ್ಧ ಕಾಯಕದಿಂದ ಬಂದ ಶುದ್ಧ ಪದಾರ್ಥ. ಬೆಳೆದವನಿಗೆ ಬೆಲೆ ಸಿಗದ, ಉಂಡವನಿಗೆ ಪುಷ್ಟಿ ಕೊಡದ, ಬಣ್ಣದಿಂದ ಮರೆಮಾಚಿದ ಪದಾರ್ಥವನ್ನು ಯಾವ ಮುಖದಿಂದ ಅರ್ಪಿಸುವುದು?

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಎಲ್ಲಿಂದ ಬಂತು, ಎಷ್ಟು ಬೇಕು, ಯಾರಿಗೆ ಸಲ್ಲಬೇಕು ಎಂಬ ವಿಚಾರ ಆ ತಾಯಿಯ ಅಡಿಗೆಮನೆಯಲ್ಲಿತ್ತು. ರಾಷ್ಟ್ರದ ಆಹಾರ ನೀತಿ ಕೇಳಬೇಕಾದ ಪ್ರಶ್ನೆಗಳೂ ಇವೇ. ಹೊಲ, ಅಂಗಡಿ, ತಟ್ಟೆ ಇವು ಮೂರು ಬೇರೆ ಇಲಾಖೆಗಳಲ್ಲ. ಒಂದೇ ದಾರದ ಮಣಿಗಳು. ಹಿರೇಕೆರೂರಿನ ರೈತನಿಂದ ಕೊಂಡ ಜೋಳ ಹಿರೇಕೆರೂರಿನ ನ್ಯಾಯಬೆಲೆ ಅಂಗಡಿಗೆ, ಅಲ್ಲಿಯ ವಸತಿನಿಲಯಕ್ಕೆ, ಅಂಗನವಾಡಿಗೆ ಹೋಗಲಿ. ಶಾಲೆಯ ಮಧ್ಯಾಹ್ನದ ಊಟಕ್ಕೆ ನಮ್ಮ ರಾಜ್ಯವು ‘ಅಕ್ಷರ ದಾಸೋಹ’ವೆಂದು ಶರಣರ ಪದವನ್ನೇ ಇಟ್ಟಿದೆ, ಆ ಪದದ ಸತ್ವವೂ ಊಟದಲ್ಲಿ ಬರಲಿ.

ಸರಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನ ತಾಯಂದಿರು ಜೋಳದ ರೊಟ್ಟಿ ಬಡಿದು ರಾಶಿ ರಾಶಿಯಾಗಿ ಕಳುಹಿಸುತ್ತಾರೆ. ಡಂಬಳದಲ್ಲಿ ರೊಟ್ಟಿಯ ಹೆಸರಿನಲ್ಲಿಯೇ ಜಾತ್ರೆ ನಡೆಯುತ್ತದೆ. ಮಠಗಳೂ ಕೊಳ್ಳುಗರೇ. ಜಾತ್ರೆ, ಪ್ರಸಾದನಿಲಯ, ಮದುವೆ, ಗೃಹಪ್ರವೇಶ ಇವೆಲ್ಲ ಸೇರಿದರೆ ಸಮಾಜವೇ ಒಂದು ದೊಡ್ಡ ಉಗ್ರಾಣ.

ಗೋವಿನಜೋಳದ ಧಾರಣೆ ಬಿದ್ದ ಮೇಲೆ ಸವಣೂರು ತಾಲೂಕಿನ ಆ ಭಕ್ತರು ಮತ್ತೆ ಸಿಕ್ಕಿದರು. ನಾವು ಮಠದ ಹಿರಿಯರೊಡನೆ ಮಾತಾಡಿ, ಮುಂದಿನ ಹಿಂಗಾರಿಯಲ್ಲಿ ಅವರು ಎರಡು ಎಕರೆ ಬಿಳಿಜೋಳ ಬಿತ್ತಿದರೆ ಪ್ರಸಾದನಿಲಯಕ್ಕೆ ಬೆಂಬಲ ಬೆಲೆಗೆ ಕೊಳ್ಳುವುದೆಂದು ಒಪ್ಪಿಸಿದ್ದೆವು. ಸಂತೋಷದಿಂದ ಹೇಳಿದೆವು. ಅವರು ಒಪ್ಪಿದರು, ಆದರೆ ನಕ್ಕು ಕೇಳಿದರು: “ಬಿತ್ತತೀನ್ರಿ ಶಾಸ್ತ್ರಿಗಳ. ಇಷ್ಟು ಹುಡುಗರಿಗೆ ದಿನಾ ರೊಟ್ಟಿ ಬಡಿಯೋರು ಯಾರ್ರಿ? ನಮ್ಮ ಮನೀ ಹೆಣ್ಣುಮಕ್ಕಳು ಈಗs ಸೋತಾರ.”

ನಾವು ತಕ್ಷಣ ಉತ್ತರಿಸಲಾರದೆ ಹೋದೆವು. ರೊಟ್ಟಿ ಮರೆಯಾದುದು ಬೆಲೆಯಿಂದ ಮಾತ್ರವಲ್ಲ. ಬೆಂಕಿಯ ಮುಂದೆ ಕುಳಿತು ಬಡಿಯುವ ಕಾಯಕವನ್ನು ನಾವು ಹೆಣ್ಣುಮಕ್ಕಳ ಹೆಗಲಿಗೆ ಮಾತ್ರ ಹೊರಿಸಿದ್ದರಿಂದಲೂ. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ನಲವತ್ತು ವರ್ಷ ಪುರಾಣ ಹೇಳಿದ ನಾವು ಒಂದು ರೊಟ್ಟಿಯನ್ನೂ ಬಡಿಯಲು ಕಲಿಯಲಿಲ್ಲ. ಬಡಿದು ರೊಟ್ಟಿಯೇ ಆಗಬೇಕೆಂದೂ ಇಲ್ಲ. ಜೋಳದ ನುಚ್ಚು, ಮುದ್ದೆ, ಸಾವೆಯ ಅನ್ನ ದೊಡ್ಡ ಅಡಿಗೆಗೆ ಸುಲಭ. ಪ್ರಸಾದನಿಲಯದ ಬಾಲಕರು ವಾರಕ್ಕೊಂದು ದಿನ ರೊಟ್ಟಿ ಬಡಿಯಲು ಕಲಿಯಲೆಂದು ಹಿರಿಯರಲ್ಲಿ ಬಿನ್ನವಿಸಿದ್ದೇವೆ. ಅವರೊಡನೆ ನಾವೂ ಕುಳಿತುಕೊಳ್ಳುವೆವು. ನಮ್ಮ ಮೊದಲ ರೊಟ್ಟಿ ಹರಿದೀತು, ಚಿಂತೆಯಿಲ್ಲ. ಮುಂದಿನ ಪುರಾಣ ಮಂಗಲದ ದಿನ ಆ ಭಕ್ತರ ಹೆಗಲ ಮೇಲಿನ ಚೀಲದಲ್ಲಿ ಅವರ ಹೊಲದ ಜೋಳವೇ ಇರಲೆಂದು ನಾವೂ ನೀವೂ ಶಿವನಲ್ಲಿ ಬೇಡೋಣ. ಬೇಡಿದ ಕೈಯಿಂದಲೇ ದುಡಿಯೋಣ.